ವಾಟ್ಸಾಪ್ ಗುಂಪಿನಿಂದ ಕಲಿಕಾ ಬಳಗಕ್ಕೆ: ಶಿಕ್ಷಕರು ಆನ್‌ಲೈನಿನಲ್ಲಿ ಕೂಡಿ ಕಲಿಯುವ ಬಗೆ

“ಮೇಡಂ, ನಾನು ಎಂಟು ವಾಟ್ಸಾಪ್ ಗುಂಪುಗಳಲ್ಲಿದ್ದೇನೆ. ದಿನವಿಡೀ ಸಂದೇಶ ಬರುತ್ತಲೇ ಇರುತ್ತದೆ. ಆದರೆ ನಾಳೆಯ ನನ್ನ ಪಾಠಕ್ಕೆ ಅದರಿಂದ ಏನೂ ಒದಗುವುದಿಲ್ಲ. ಶಿಕ್ಷಕರು ಆನ್‌ಲೈನಿನಲ್ಲಿ ಸೇರಿ ನಿಜವಾಗಿ ಕಲಿಯುವುದು ಹೇಗೆ?” ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಶಿಕ್ಷಕ ಮಿತ್ರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಗೊತ್ತಿರುವುದೆಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಮುಳಬಾಗಿಲು ತಾಲ್ಲೂಕಿನ ಗಡಿ ಹಳ್ಳಿಯೊಂದರಲ್ಲಿ ಕಿರಿಯ ಪ್ರಾಥಮಿಕ ತರಗತಿಗಳಿಗೆ ಪಾಠ ಮಾಡುತ್ತೇನೆ. ಹಾಗಾಗಿ ಉದಾಹರಣೆಗಳು ನನ್ನ ತರಗತಿಯವು. ಹೈಸ್ಕೂಲಿನವರು ತಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಬಹುದು.

‘ಕಲಿಕಾ ಬಳಗ’ ಎಂದು ನಾನು ಕರೆಯುವುದು ಆರರಿಂದ ಹತ್ತು ಮಂದಿ ಶಿಕ್ಷಕರ ಸಣ್ಣ ಕೂಟವನ್ನು. ಅವರೆಲ್ಲರ ತರಗತಿಯಲ್ಲೂ ಒಂದೇ ತೊಡಕು ಇರುತ್ತದೆ. ಅದನ್ನು ಬಿಡಿಸಲು ಒಂದು ಪಾಠವನ್ನು ಕೂಡಿ ಕಟ್ಟುತ್ತಾರೆ, ತರಗತಿಯಲ್ಲಿ ಮಾಡಿ ನೋಡುತ್ತಾರೆ, ಆದದ್ದನ್ನು ಆದ ಹಾಗೆಯೇ ಬಳಗದ ಮುಂದೆ ತಂದಿಡುತ್ತಾರೆ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹಿಂದಿನಿಂದ ಹೀಗೆ ಕಲಿಯುತ್ತ ಬಂದಿದ್ದಾರೆ; ಅಲ್ಲಿ ಅದಕ್ಕೆ ‘ಜುಗ್ಯೋ ಕೆಂಕ್ಯೂ’, ಅಂದರೆ ಪಾಠ ಸಂಶೋಧನೆ ಎಂದು ಹೆಸರು. ಅವರು ಒಂದೇ ಶಾಲೆಯ ಕೋಣೆಯೊಳಗೆ ಕುಳಿತು ಮಾಡುವುದನ್ನು ನಾವು ಮೊಬೈಲಿನ ಮೂಲಕ ಮಾಡಬೇಕಾಗಿದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಹಿಡಿದಿರುತ್ತಾರೆ. ನೋಡುವವರು ಯಾರು?

ತಿಂಗಳಿಗೊಮ್ಮೆ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆ ಇದ್ದೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಬೇಕು. ಆದರೆ ಅಲ್ಲಿ ಸೇರುವವರು ಅಕ್ಕಪಕ್ಕದ ಊರುಗಳ ಶಿಕ್ಷಕರು. ನನ್ನ ತೊಡಕಿನಲ್ಲಿ ನನ್ನ ಜೊತೆಗಾರರು ಅಕ್ಕಪಕ್ಕದಲ್ಲೇ ಇರಬೇಕೆಂದೇನೂ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಮೂರು ಕಡೆಯಿಂದ ಆಂಧ್ರ ಸುತ್ತುವರಿದ ಪಾವಗಡ, ಈ ಎಲ್ಲ ಕಡೆ ಒಂದನೇ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಈ ಊರುಗಳ ಶಿಕ್ಷಕರು ಬೇರೆ ಬೇರೆ ತಾಲ್ಲೂಕು, ಬೇರೆ ಬೇರೆ ಜಿಲ್ಲೆಗೆ ಸೇರಿದವರು; ಯಾವ ಸಭೆಯಲ್ಲೂ ಒಟ್ಟಿಗೆ ಕೂರುವುದಿಲ್ಲ. ಅವರನ್ನು ಒಂದೆಡೆ ಕೂರಿಸಲು ಸಾಧ್ಯವಾಗುವುದು ಆನ್‌ಲೈನಿನಲ್ಲಿ ಮಾತ್ರ. ಒಂದೇ ಕ್ಲಸ್ಟರಿನವರನ್ನಲ್ಲ, ಒಂದೇ ತೊಡಕಿನವರನ್ನು ಸೇರಿಸಬೇಕು. ಈ ಲೇಖನದಿಂದ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಿರಲಿ.

ಬೇಕಾಗುವುದೇನು?

ಎಲ್ಲರ ಬಳಿ ಈಗಾಗಲೇ ಇರುವ ಸ್ಮಾರ್ಟ್ ಫೋನ್, ವಾರಕ್ಕೆ ಅರ್ಧ ಗಂಟೆ, ತಿಂಗಳಿಗೊಮ್ಮೆ ನಲವತ್ತು ನಿಮಿಷ. ಬಳಗದಲ್ಲಿ ಒಬ್ಬರ ಬಳಿಯಾದರೂ ಲ್ಯಾಪ್‌ಟಾಪ್ ಇದ್ದರೆ ಕಡತಗಳನ್ನು ಓರಣವಾಗಿಡಲು ಅನುಕೂಲ. ಹಣ ಖರ್ಚು ಮಾಡಿ ಯಾವ ಆ್ಯಪನ್ನೂ ಕೊಳ್ಳಬೇಡಿ.

ಹಂತ 1: ಜನರಿಗಿಂತ ಮೊದಲು ಪ್ರಶ್ನೆ

ಎಲ್ಲರೂ ಮಾಡುವ ತಪ್ಪು ಇಲ್ಲಿಯೇ. ಮೊದಲು ಗುಂಪು ಮಾಡುತ್ತಾರೆ, ಐವತ್ತು ಜನರನ್ನು ಸೇರಿಸುತ್ತಾರೆ, ಆಮೇಲೆ ಏನು ಮಾತನಾಡುವುದೆಂದು ಯೋಚಿಸುತ್ತಾರೆ. ಅಷ್ಟು ಹೊತ್ತಿಗೆ ‘ಶುಭೋದಯ’ದ ಚಿತ್ರಗಳು ಬಂದು ತುಂಬಿಕೊಂಡಿರುತ್ತವೆ. ನೀವು ಪ್ರಶ್ನೆಯಿಂದ ಹೊರಡಿ.

ಪ್ರಶ್ನೆ ಚಿಕ್ಕದಾಗಿರಬೇಕು, ನಿಮ್ಮ ತರಗತಿಯದೇ ಆಗಿರಬೇಕು, ಕಣ್ಣಿಗೆ ಕಾಣುವ ಪುರಾವೆ ಇರಬೇಕು. “ಮಕ್ಕಳಿಗೆ ಗಣಿತದಲ್ಲಿ ಆಸಕ್ತಿ ಇಲ್ಲ” ಎನ್ನುವುದು ಪ್ರಶ್ನೆಯಲ್ಲ, ಬೇಸರ. “ಮೂರನೇ ತರಗತಿಯ ಏಳು ಮಕ್ಕಳು 52ರಲ್ಲಿ 38 ಕಳೆದರೆ 26 ಎಂದು ಬರೆಯುತ್ತಿದ್ದಾರೆ, ಏಕೆ?” ಎನ್ನುವುದು ಪ್ರಶ್ನೆ. ನೋಟ್‌ಬುಕ್ಕನ್ನು ದಿಟ್ಟಿಸಿ ನೋಡಿ. ಮಗು ಸುಮ್ಮನೆ ಏನೋ ಬರೆದಿಲ್ಲ. ಬಿಡಿ ಸ್ಥಾನದಲ್ಲಿ 2 ಮತ್ತು 8 ಇವೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು 6 ಎಂದಿದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 3 ಕಳೆದು 2 ಎಂದಿದೆ. ಆ ಮಗುವಿಗೆ ತನ್ನದೇ ಒಂದು ನಿಯಮವಿದೆ, ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಅದೇ ಮಗುವನ್ನು “ನಿನ್ನ ಹತ್ತಿರ ಐವತ್ತೆರಡು ರೂಪಾಯಿ ಇದೆ, ಅಂಗಡಿಯಲ್ಲಿ ಮೂವತ್ತೆಂಟು ಕೊಟ್ಟೆ, ಎಷ್ಟು ಉಳಿಯಿತು?” ಎಂದು ಬಾಯಲ್ಲಿ ಕೇಳಿ ನೋಡಿ. ಹದಿನಾಲ್ಕು ಎಂದು ಸರಿಯಾಗಿ ಹೇಳಿದರೆ ತೊಡಕಿರುವುದು ಕಳೆಯುವುದರಲ್ಲಲ್ಲ, ಬರೆದು ಮಾಡುವ ಕ್ರಮದಲ್ಲಿ ಎಂದು ತಿಳಿಯುತ್ತದೆ. ಇಷ್ಟು ಹಿಡಿದುಕೊಂಡು ಬಂದವರಿಗೆ ಬಳಗ ನೆರವಾಗಬಲ್ಲದು.

ನನ್ನ ಬಳಗ ಶುರುವಾದದ್ದು ‘ಪಾಲು’ ಎಂಬ ಒಂದು ಶಬ್ದದಿಂದ. ಭಿನ್ನರಾಶಿಗೆ ಪೀಠಿಕೆಯಾಗಿ “ಈ ರೊಟ್ಟಿಯನ್ನು ನಾಲ್ಕು ಪಾಲು ಮಾಡಿ” ಎಂದೆ. ಮಕ್ಕಳು ಪಿಳಿಪಿಳಿ ನೋಡಿದರು. ತೆಲುಗಿನಲ್ಲಿ ಪಾಲು ಎಂದರೆ ಹಾಲು. ರೊಟ್ಟಿಯಿಂದ ಹಾಲು ಮಾಡುವುದು ಹೇಗೆಂದು ಅವರು ಯೋಚಿಸುತ್ತಿದ್ದರು. ಭಿನ್ನರಾಶಿ ಕಷ್ಟವಾಗಿರಲಿಲ್ಲ, ನನ್ನ ಮಾತು ಕಷ್ಟವಾಗಿತ್ತು. ನಮ್ಮ ಪ್ರಶ್ನೆ ಹೀಗೆ ರೂಪು ಪಡೆಯಿತು: ಮನೆಯಲ್ಲಿ ಕನ್ನಡವಲ್ಲದ ಮಾತನ್ನಾಡುವ ಮಗುವಿಗೆ, ಅದಕ್ಕೆ ಗೊತ್ತಿರುವ ಶಬ್ದದಿಂದಲೇ ಕನ್ನಡದ ಶಬ್ದಕ್ಕೆ ದಾರಿ ತೋರಿಸುವುದು ಹೇಗೆ?

ಹಂತ 2: ಬಳಗ ಕೂಡಿಸುವುದು

ಪ್ರಶ್ನೆಯನ್ನು ಮೂರು ಸಾಲಿನಲ್ಲಿ ಬರೆದು, ನಿಮಗೆ ಗೊತ್ತಿರುವ ಐದಾರು ಮಂದಿಗೆ ಪ್ರತ್ಯೇಕವಾಗಿ ಕಳುಹಿಸಿ. ತರಬೇತಿಯಲ್ಲಿ ಪರಿಚಯವಾದವರು, ಡಿ.ಎಡ್. ಸಹಪಾಠಿಗಳು, ವರ್ಗಾವಣೆಯಾಗಿ ಬೇರೆ ತಾಲ್ಲೂಕಿಗೆ ಹೋದ ಸಹೋದ್ಯೋಗಿಗಳು, ಇವರಿಂದ ಶುರು ಮಾಡಿ. “ನನ್ನ ತರಗತಿಯಲ್ಲೂ ಹೀಗೇ ಆಗುತ್ತದೆ” ಎಂದು ಉತ್ತರಿಸಿದವರು ನಿಮ್ಮ ಬಳಗದವರು. “ಒಳ್ಳೆಯ ಪ್ರಯತ್ನ, ಶುಭವಾಗಲಿ” ಎಂದವರಿಗೆ ಧನ್ಯವಾದ ಹೇಳಿ, ಅಲ್ಲಿಗೆ ಬಿಡಿ.

ಹತ್ತು ಮಂದಿಗಿಂತ ಹೆಚ್ಚಾದರೆ ಅರ್ಧ ಜನ ಮೌನವಾಗುತ್ತಾರೆ. ಇನ್ನೂ ಜನ ಬರುತ್ತೇವೆಂದರೆ ಎರಡನೆಯ ಬಳಗ ಕಟ್ಟಿಕೊಡಿ. ಅತಿಥಿ ಶಿಕ್ಷಕರನ್ನು ಮರೆಯಬೇಡಿ. ಇಲಾಖೆಯ ತರಬೇತಿಗಳಲ್ಲಿ ಅವರಿಗೆ ಅವಕಾಶ ಕಡಿಮೆ, ಕಲಿಯುವ ಹಸಿವು ಮಾತ್ರ ಹೆಚ್ಚು.

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಆರ್‌ಪಿ (ಬ್ಲಾಕ್ ಸಂಪನ್ಮೂಲ ವ್ಯಕ್ತಿ), ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರನ್ನು ಸೇರಿಸಬೇಕೇ? ಇದಕ್ಕೆ ನೇರವಾಗಿ ಉತ್ತರಿಸುತ್ತೇನೆ: ದಿನನಿತ್ಯದ ಗುಂಪಿನಲ್ಲಿ ಬೇಡ. ಅವರ ಮೇಲೆ ಗೌರವವಿಲ್ಲದೆ ಹೇಳುವ ಮಾತಲ್ಲ ಇದು. ಮೇಲಧಿಕಾರಿ ಓದುತ್ತಿದ್ದಾರೆ ಎಂಬುದು ತಲೆಯಲ್ಲಿದ್ದರೆ ಯಾವ ಶಿಕ್ಷಕರೂ “ನನ್ನ ಪಾಠ ಈ ದಿನ ಕೈಕೊಟ್ಟಿತು” ಎಂದು ಬರೆಯುವುದಿಲ್ಲ, ಆ ಒಂದು ವಾಕ್ಯವಿಲ್ಲದೆ ಬಳಗವೇ ಇಲ್ಲ. ತಿಂಗಳ ಭೇಟಿಗೆ ಅತಿಥಿಯಾಗಿ ಕರೆಯಿರಿ, ಮುಗಿದ ಕೆಲಸವನ್ನು ಅವರ ಮುಂದಿಡಿ, ಸಮಾಲೋಚನಾ ಸಭೆಯಲ್ಲಿ ಹದಿನೈದು ನಿಮಿಷ ಕೇಳಿ ಪಡೆಯಿರಿ. ಬಹುಪಾಲು ಸಿಆರ್‌ಪಿಗಳು ಸಂತೋಷದಿಂದಲೇ ಕೊಡುತ್ತಾರೆ, ಅವರೂ ಶಿಕ್ಷಕರೇ.

ಸಮಯ ಗೊತ್ತು ಮಾಡುವ ಮುನ್ನ ಶಿಕ್ಷಕಿಯರನ್ನು ಕೇಳಿ. ರಾತ್ರಿ ಏಳೂವರೆಗೆ ಭೇಟಿ ಇಟ್ಟರೆ ಗಂಡಸರಿಗೆ ಅನುಕೂಲ; ಒಲೆಯ ಮುಂದೆ ನಿಂತವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅರ್ಧ ಕೇಳುತ್ತಾರೆ, ಮಾತನಾಡುವುದಂತೂ ಆಗುವುದಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದು ಮನೆ ಸೇರಿದ ಮೇಲಿನ ಹೊತ್ತು ನಮಗೆ ಒದಗಿಬಂದಿದೆ.

ಹಂತ 3: ಮೂರು ಕೆಲಸಕ್ಕೆ ಮೂರು ಜಾಗ

ಮಾತಿಗೆ ಒಂದು ಜಾಗ, ಕಡತಗಳಿಗೆ ಒಂದು ಜಾಗ, ಮುಖ ನೋಡಿ ಮಾತನಾಡಲು ಒಂದು ಜಾಗ. ಈ ಮೂರನ್ನೂ ವಾಟ್ಸಾಪ್ ಒಂದರಲ್ಲೇ ಮಾಡಲು ಹೋಗುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮಾತಿಗೆ ವಾಟ್ಸಾಪ್ ಸಾಕು. ನಿಯಮ ಎರಡೇ ಇರಲಿ: ಫಾರ್ವರ್ಡ್ ಮಾಡಿದ ಯಾವುದೂ ಬೇಡ, ಸುತ್ತೋಲೆಗಳು ಬೇಡ. ಸುತ್ತೋಲೆಗೆ ಬೇರೆ ಗುಂಪುಗಳು ಬೇಕಾದಷ್ಟಿವೆ. ನಿಯಮವನ್ನು ಗುಂಪಿನ ವಿವರಣೆಯಲ್ಲೇ ಬರೆದಿಡಿ. ಮೀರಿದವರಿಗೆ ಗುಂಪಿನಲ್ಲಿ ಹೇಳದೆ ಪ್ರತ್ಯೇಕವಾಗಿ ಫೋನ್ ಮಾಡಿ.

ಕಡತಗಳಿಗೆ ಗೂಗಲ್ ಡ್ರೈವ್. ಇದು ಕ್ಲೌಡ್ ಸಂಗ್ರಹ, ಅಂದರೆ ಕಡತ ನಿಮ್ಮ ಫೋನಿನಲ್ಲಿರದೆ ಅಂತರಜಾಲದಲ್ಲಿರುತ್ತದೆ. ಅನುಮತಿ ಇರುವವರು ಎಲ್ಲಿಂದಲಾದರೂ ತೆರೆಯಬಹುದು. ಉಚಿತ ಖಾತೆಗೆ 15 ಜಿಬಿ ಜಾಗವಿದೆ. ಆದರೆ ಜಿಮೇಲ್, ಫೋಟೋಗಳು, ಆ್ಯಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಎಲ್ಲವೂ ಆ 15ರೊಳಗೇ ಬರುತ್ತವೆ. ಆದ್ದರಿಂದ ಯಾರೊಬ್ಬರ ಸ್ವಂತ ಖಾತೆಯಲ್ಲೂ ಇಡದೆ ಬಳಗಕ್ಕೆಂದೇ ಒಂದು ಖಾತೆ ತೆರೆಯಿರಿ. ಗುಪ್ತಪದ ಇಬ್ಬರಿಗೆ ಗೊತ್ತಿರಲಿ. ಒಬ್ಬರಿಗೇ ಗೊತ್ತಿದ್ದು, ಅವರು ಫೋನ್ ಬದಲಿಸಿಯೋ ನಿವೃತ್ತರಾಗಿಯೋ ಹೋದಾಗ ಮೂರು ವರ್ಷದ ಕೆಲಸ ಕೈತಪ್ಪಿದ ಬಳಗಗಳಿವೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದೂ ಗಮನದಲ್ಲಿರಲಿ.

ಕಡತ ಹಂಚುವಾಗ ಮೂರು ಬಗೆಯ ಅನುಮತಿ ಕೇಳುತ್ತದೆ: ನೋಡಲು ಮಾತ್ರ, ಟಿಪ್ಪಣಿ ಹಾಕಲು, ತಿದ್ದಲು. ಬಳಗದವರಿಗೆ ತಿದ್ದುವ ಅನುಮತಿ ಕೊಡಿ, ಹೊರಗಿನವರಿಗೆ ನೋಡಲು ಮಾತ್ರ. ಯಾರಾದರೂ ಕೈತಪ್ಪಿ ಪಾಠವನ್ನೆಲ್ಲ ಅಳಿಸಿದರೆ ಗಾಬರಿ ಬೇಡ. ಲ್ಯಾಪ್‌ಟಾಪಿನಲ್ಲಿ ಗೂಗಲ್ ಡಾಕ್ಸ್ ತೆರೆದರೆ ಹಳೆಯ ಆವೃತ್ತಿಗಳು ಸಿಗುತ್ತವೆ, ಹಿಂದಿನದನ್ನು ಮರಳಿ ತರಬಹುದು. ಕಡತಕ್ಕೆ ‘ಹೊಸದು’, ‘ಅಂತಿಮ’, ‘ಅಂತಿಮ-2’ ಎಂದು ಹೆಸರಿಡಬೇಡಿ. ‘3-ಗಣಿತ-ವ್ಯವಕಲನ-ಜುಲೈ’ ಎಂದರೆ ತರಗತಿ, ವಿಷಯ, ಪಾಠ, ತಿಂಗಳು ಎಲ್ಲವೂ ಬಂತು.

ಮುಖಾಮುಖಿಗೆ ಗೂಗಲ್ ಮೀಟ್ ಅಥವಾ ಝೂಮ್. ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದರೆ ಉಚಿತ ಮೀಟ್ ಒಂದು ಗಂಟೆ ನಡೆಯುತ್ತದೆ, ಉಚಿತ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ. 40 ನಿಮಿಷ ನಮಗೆ ಸಾಕು. ಅದಕ್ಕಿಂತ ಹೆಚ್ಚು ಬೇಕಾಯಿತೆಂದರೆ ಪ್ರಶ್ನೆ ದೊಡ್ಡದಾಯಿತೆಂದು ಅರ್ಥ. ನೆಟ್‌ವರ್ಕ್ ದುರ್ಬಲವಾಗಿರುವವರು ಕ್ಯಾಮೆರಾ ಆರಿಸಿ ಧ್ವನಿಯಲ್ಲಷ್ಟೇ ಇರಲಿ. ಅದೂ ಸಿಗದವರು ಭೇಟಿಗೆ ಮುಂಚೆಯೇ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಲಿ. ನಡೆಸುವವರು ಅದನ್ನು ಎಲ್ಲರಿಗೂ ಕೇಳಿಸಲಿ.

ಹಂತ 4: ಕನ್ನಡದ ಅಕ್ಷರಗಳನ್ನು ಸರಿಪಡಿಸಿಕೊಳ್ಳುವುದು

ಇದು ಚಿಕ್ಕ ಹಂತವೆನಿಸಬಹುದು, ಆದರೆ ಇಲ್ಲಿ ಸಿಕ್ಕಿಬಿದ್ದು ಕೈಚೆಲ್ಲಿದವರು ಬಹಳ. ಹಳೆಯ ಕಂಪ್ಯೂಟರಿನಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪಾಠವನ್ನು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ. ಆ ಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಕೂರಿಸುತ್ತಿದ್ದವು. ಆ ಶೈಲಿ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಜಗತ್ತಿನ ಭಾಷೆಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಏರ್ಪಾಟಿನಲ್ಲಿ, ಈ ತೊಂದರೆ ಇಲ್ಲ. ಮೊಬೈಲಿನಲ್ಲಿ ನೀವು ಬರೆಯುವ ಕನ್ನಡವೆಲ್ಲ ಯೂನಿಕೋಡೇ. ಹಳೆಯ ಕಡತಗಳನ್ನು ಒಮ್ಮೆ ‘ಆಸ್ಕಿಯಿಂದ ಯೂನಿಕೋಡ್‌ಗೆ’ ಬದಲಿಸುವ ಉಚಿತ ಪರಿವರ್ತಕದಲ್ಲಿ ಹಾಕಿ ತೆಗೆದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ. ತಪ್ಪಿದ್ದರೆ ಹೆಚ್ಚಾಗಿ ಅಲ್ಲಿಯೇ ಇರುತ್ತವೆ.

ಬೆರಳಚ್ಚು ಬಾರದವರು ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತನಾಡಿದರೆ ಬರಹವಾಗಿ ಮೂಡುತ್ತದೆ. ನಮ್ಮ ಬಳಗದಲ್ಲಿ ಇನ್ನೇನು ನಿವೃತ್ತಿಯಾಗಲಿರುವ ಮೇಷ್ಟ್ರು ಒಬ್ಬರಿದ್ದಾರೆ. ಎಲ್ಲರಿಗಿಂತ ಹೆಚ್ಚು ಬರೆಯುವವರು ಅವರೇ, ಒಂದಕ್ಷರವನ್ನೂ ಒತ್ತದೆ.

ಹಂತ 5: ನಾಲ್ಕು ವಾರದ ಸುತ್ತು

ಮೊದಲ ವಾರ ಪ್ರಶ್ನೆ ತಂದವರು ಪುರಾವೆ ಇಡುತ್ತಾರೆ: ಮೂರು ನಾಲ್ಕು ನೋಟ್‌ಬುಕ್ ಪುಟಗಳ ಫೋಟೋ, ಅಥವಾ ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದದ್ದು. ಉಳಿದವರು ಆ ವಾರ ಸಲಹೆ ಕೊಡುವ ಹಾಗಿಲ್ಲ. ತಮ್ಮ ತರಗತಿಯಲ್ಲೂ ಹೀಗೇ ಇದೆಯೇ ಎಂದು ನೋಡಿ ಬಂದು ತಮ್ಮ ಪುರಾವೆ ಸೇರಿಸಬೇಕು. ಇದು ಕಷ್ಟದ ನಿಯಮ. ನಾವು ಶಿಕ್ಷಕರು, ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಡುವುದು ಅಭ್ಯಾಸವಾಗಿಹೋಗಿದೆ. ಹಿಡಿತ ಸಡಿಲಿಸಬೇಡಿ.

‘ಪಾಲು’ ಪ್ರಶ್ನೆಯಲ್ಲಿ ಈ ಮೊದಲ ವಾರವೇ ನಮಗೆ ಎಲ್ಲವನ್ನೂ ಕೊಟ್ಟಿತು. ನಾನು ತೆಲುಗಿನ ನಾಲ್ಕು ಶಬ್ದ ಬರೆದಿದ್ದೆ: ಪಾಲು, ಪುಲಿ, ಪಾಮು, ಪಂದಿ. ಬಾಗೇಪಲ್ಲಿಯ ಕಡೆಯ ಶಿಕ್ಷಕಿ ಹಲ್ಲಿಗೆ ‘ಪನ್ನು’, ಹಣ್ಣಿಗೆ ‘ಪಂಡು’ ಎಂದು ಸೇರಿಸಿದರು. ಮರುದಿನ ಕೆಜಿಎಫ್‌ನ ಶಿಕ್ಷಕಿ ತಮಿಳಿನ ಸಾಲು ಕಳುಹಿಸಿದರು: ಪಾಲ್, ಪುಲಿ, ಪಾಂಬು, ಪನ್ರಿ, ಪಲ್. ಎದುರಿಗೆ ನಮ್ಮ ಕನ್ನಡ: ಹಾಲು, ಹುಲಿ, ಹಾವು, ಹಂದಿ, ಹಲ್ಲು. ಹಳಗನ್ನಡ ಓದಿದ ಮೇಷ್ಟ್ರು ಆಗ ನೆನಪಿಸಿದರು, ಕನ್ನಡದಲ್ಲೂ ಒಂದು ಕಾಲಕ್ಕೆ ಪಾಲ್, ಪುಲಿ, ಪಾವು, ಪಂದಿ, ಪಲ್ ಎಂದೇ ಇತ್ತು; ಆ ಪಕಾರವೇ ನಡುಗನ್ನಡದ ಹೊತ್ತಿಗೆ ಹಕಾರವಾಯಿತು ಎಂದು. ಮನೆಯಿಂದ ಮಗು ತಂದ ಶಬ್ದ ತಪ್ಪು ಶಬ್ದವಲ್ಲ, ಕನ್ನಡದ ಹಳೆಯ ಶಬ್ದದ ಒಡಹುಟ್ಟು. ಈ ತಿಳಿವಳಿಕೆ ಯಾವ ಒಬ್ಬರ ಶಾಲೆಯಲ್ಲೂ ಇರಲಿಲ್ಲ. ನಾಲ್ಕು ಊರಿನವರು ಒಂದೊಂದು ತುಂಡು ತಂದಾಗ ಕೂಡಿತು.

ಎರಡನೆಯ ವಾರ ಒಂದೇ ಕಡತದಲ್ಲಿ ಎಲ್ಲರೂ ಸೇರಿ ಪಾಠ ಕಟ್ಟುತ್ತಾರೆ. ಒಂದು ಪುಟ ಮೀರಬಾರದು: ಏನು ಮಾಡುತ್ತೇವೆ, ಏನು ಬೇಕು, ಮಗು ಏನು ಹೇಳಬಹುದು. ಕೊನೆಯದು ಮುಖ್ಯ. ಮಗು ಏನು ಹೇಳಬಹುದೆಂದು ಮೊದಲೇ ಊಹಿಸಿ ಬರೆದಿದ್ದರೆ, ಊಹೆ ಎಲ್ಲಿ ತಪ್ಪಿತೋ ಅಲ್ಲಿ ನಮ್ಮ ಕಲಿಕೆ ಇರುತ್ತದೆ. ಚಿತ್ರ, ವಿಡಿಯೊ ಬೇಕಾದರೆ 2017ರಲ್ಲಿ ಶುರುವಾದ, ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾ ವೇದಿಕೆಯಲ್ಲಿ ಹುಡುಕಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ವಿಜ್ಞಾನ, ಗಣಿತದವರಿಗೆ ಪರದೆಯ ಮೇಲೆಯೇ ಮಾಡಿ ನೋಡುವ ಫೆಟ್ ಪ್ರಯೋಗಗಳೂ ಗಣಿತದ ತಂತ್ರಾಂಶವಾದ ಜಿಯೋಜೀಬ್ರಾವೂ ಉಚಿತ. ಫೆಟ್‌ನ ಹಲವು ಪ್ರಯೋಗಗಳು ಕನ್ನಡದಲ್ಲಿಯೇ ಸಿಗುತ್ತವೆ. ಎಐ ಸಾಧನಗಳಿಂದ ಅಭ್ಯಾಸ ಹಾಳೆ ಮಾಡಿಸುವವರು ಪ್ರತಿ ಸಾಲನ್ನೂ ಓದಿ ನೋಡಿ. ಅವು ಬರೆಯುವ ಕನ್ನಡದಲ್ಲಿ ವಿಭಕ್ತಿ ತಪ್ಪಿರಬಹುದು, ಲೆಕ್ಕದ ಉತ್ತರವೂ ಕೆಲವೊಮ್ಮೆ ತಪ್ಪಿರುತ್ತದೆ, ಆದರೆ ಧಾಟಿ ಮಾತ್ರ ಬಲು ನಂಬಿಕೆಯದು.

ಮೂರನೆಯ ವಾರ ಕನಿಷ್ಠ ಇಬ್ಬರು ಆ ಪಾಠವನ್ನು ಮಾಡುತ್ತಾರೆ. ಮಾಡಿದ ದಿನವೇ, ಬಸ್ಸು ಹತ್ತುವ ಮೊದಲೇ, ಮೂರು ನಿಮಿಷದ ಧ್ವನಿ ಸಂದೇಶ ಹಾಕಬೇಕು. ರಾತ್ರಿಗೆ ತಳ್ಳಿದರೆ ಮಕ್ಕಳು ಆಡಿದ ಮಾತು ಮರೆತು ನಮ್ಮ ಅಭಿಪ್ರಾಯವಷ್ಟೇ ಉಳಿಯುತ್ತದೆ. ನಮ್ಮ ಪಾಠ ಮಾಡಿದಾಗ ಒಬ್ಬ ಹುಡುಗ ‘ಪ’ ಇದ್ದಲ್ಲಿ ‘ಹ’ ಎಂಬ ನಿಯಮ ಹಿಡಿದ ಖುಷಿಯಲ್ಲಿ ಪುಸ್ತಕವನ್ನು ‘ಹುಸ್ತಕ’ ಎಂದ. ಸಂಸ್ಕೃತದಿಂದ ಬಂದ ಪುಸ್ತಕ, ಪಾಠ, ಪದ ಎಂಬಂಥ ಶಬ್ದಗಳಲ್ಲಿ ಪಕಾರ ಹಾಗೇ ಉಳಿದಿದೆ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸೂತ್ರ ಹೇಳಿಕೊಡುವುದನ್ನು ಬಿಟ್ಟು, ಚಿತ್ರವಿರುವ ಜೋಡಿ ಚೀಟಿಗಳ ಆಟ ಮಾಡಿದೆವು.

ನಾಲ್ಕನೆಯ ವಾರ ಭೇಟಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆ, ಪ್ರತಿಭಾ ಕಾರಂಜಿ, ಗಣತಿ ಕೆಲಸ ಇರುವ ತಿಂಗಳು ಸುತ್ತು ಬಿಟ್ಟುಬಿಡಿ. ವರ್ಷಕ್ಕೆ ಐದು ಸುತ್ತು ಮುಗಿದರೆ ಅದೇ ದೊಡ್ಡದು.

ಹಂತ 6: ನಲವತ್ತು ನಿಮಿಷದ ಭೇಟಿ

ನಡೆಸುವವರು ಪ್ರತಿ ತಿಂಗಳೂ ಬೇರೆಯವರಾಗಲಿ. ಬರೆದುಕೊಳ್ಳುವವರು ಒಬ್ಬರಿರಲಿ. ಮೊದಲ ಹತ್ತು ನಿಮಿಷ ಪಾಠ ಮಾಡಿದವರದು. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮುಂದಿನ ಹತ್ತು ನಿಮಿಷ ಪ್ರಶ್ನೆಗಳು ಮಾತ್ರ: “ಆ ಮಗು ಹಾಗೆಂದಾಗ ನೀವೇನು ಮಾಡಿದಿರಿ?”, “ಸುಮ್ಮನಿದ್ದವರು ಎಷ್ಟು ಮಂದಿ?” ಆಮೇಲೆ ಹದಿನೈದು ನಿಮಿಷ ಚರ್ಚೆ. ಕೊನೆಯ ಐದು ನಿಮಿಷದಲ್ಲಿ ಪಾಠದಲ್ಲಿ ಏನು ಬದಲಿಸುತ್ತೇವೆ, ಮುಂದಿನ ಪ್ರಶ್ನೆ ಯಾರದು ಎಂದು ಗೊತ್ತು ಮಾಡಿ.

ಮಾತು ಪಾಠದ ಮೇಲಿರಲಿ, ಪಾಠ ಮಾಡಿದವರ ಮೇಲೆ ಬೇಡ. “ನೀವು ಹೀಗೆ ಮಾಡಬೇಕಿತ್ತು” ಎನ್ನುವ ಬದಲು “ನಮ್ಮ ಪಾಠದ ಎರಡನೆಯ ಚಟುವಟಿಕೆ ಇಲ್ಲಿ ನಿಂತಿತು” ಎನ್ನಿ. ಪಾಠ ಎಲ್ಲರೂ ಸೇರಿ ಕಟ್ಟಿದ್ದು, ಹಾಗಾಗಿ ಸೋಲೂ ಎಲ್ಲರದು. ಹಿರಿಯರು ಮಾತು ಹಿಡಿದು ಬಿಡದಿರುವುದು ನಮ್ಮಲ್ಲಿ ಸಾಮಾನ್ಯ. ಅವರನ್ನು ತಡೆಯಲು ಕಿರಿಯರಿಗೆ ಸಂಕೋಚ. ಅದಕ್ಕೆ ನಾವು ಕಂಡುಕೊಂಡ ದಾರಿ ಸೇವೆಗೆ ಹೊಸದಾಗಿ ಸೇರಿದವರಿಂದ ಮಾತು ಶುರು ಮಾಡಿಸುವುದು.

ಹಂತ 7: ಮಕ್ಕಳ ಗುರುತು, ನಿಮ್ಮ ಫೋನು

ನೋಟ್‌ಬುಕ್ಕಿನ ಫೋಟೋ ತೆಗೆಯುವಾಗ ಹೆಸರಿನ ಮೇಲೆ ಒಂದು ಚೀಟಿ ಇಡಿ. ಮಕ್ಕಳ ಮುಖ ಬೇಡ, ತರಗತಿಯ ವಿಡಿಯೊ ಬೇಡ. ವಿಡಿಯೊ ಇಲ್ಲದಿದ್ದರೆ ಪಾಠ ನೋಡುವುದು ಹೇಗೆಂದು ಕೇಳುತ್ತೀರಿ. ಕರಿಹಲಗೆಯ ಫೋಟೋ, ಮಕ್ಕಳ ಬರಹ, ನಿಮ್ಮ ಧ್ವನಿ ಸಂದೇಶ ಈ ಮೂರು ಸಾಕು. ತಪ್ಪು ಉತ್ತರ ಬರೆದ ಮಗುವಿನ ಮುಖ ಹತ್ತು ಫೋನುಗಳಲ್ಲಿ ಉಳಿಯುವುದು ಆ ಮಗುವಿಗೆ ನಾವು ಮಾಡುವ ಅನ್ಯಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಹೆಸರು, ಆಧಾರ್, ಜಾತಿ ಇರುವ ಪಟ್ಟಿಗಳನ್ನು ಬಳಗದ ಡ್ರೈವ್‌ನಲ್ಲಿ ಎಂದಿಗೂ ಇಡಬೇಡಿ.

ಶಿಕ್ಷಕರ ಗುಂಪುಗಳಲ್ಲಿ ವೇತನ, ಬಾಕಿ, ವರ್ಗಾವಣೆ ಪಟ್ಟಿ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನು ಒತ್ತಬೇಡಿ. ಎಪಿಕೆ ಎಂದರೆ ಆ್ಯಪನ್ನು ಫೋನಿಗೆ ಹಾಕುವ ಕಡತ. ಪಟ್ಟಿ ಎಂದಿಗೂ ಆ ರೂಪದಲ್ಲಿ ಬರುವುದಿಲ್ಲ. ಒಮ್ಮೆ ಒತ್ತಿ ಅನುಮತಿ ಕೊಟ್ಟರೆ ನಿಮ್ಮ ಒಟಿಪಿಗಳು ವಂಚಕರ ಕೈ ಸೇರಬಹುದು. ಕಳುಹಿಸಿದವರು ಪರಿಚಿತರು ಎಂಬ ಕಾರಣಕ್ಕೆ ನಂಬಬೇಡಿ, ಅವರ ಫೋನೇ ವಂಚಕರ ವಶವಾಗಿರಬಹುದು.

ಹಂತ 8: ಬರೆದಿಡುವುದು, ಹಂಚುವುದು

ಪ್ರತಿ ಸುತ್ತಿಗೂ ಒಂದು ಪುಟ: ಪ್ರಶ್ನೆ, ಪಾಠ, ಮಕ್ಕಳು ಏನೆಂದರು, ಏನು ಬದಲಿಸಿದೆವು. ಸರಿಹೋಗದ್ದನ್ನು ಬಿಡದೆ ಬರೆಯಿರಿ. ಇನ್ನೊಬ್ಬ ಶಿಕ್ಷಕರಿಗೆ ಹೆಚ್ಚು ಉಪಯೋಗವಾಗುವುದು ಅದೇ.

ಹೊರಗೆ ಹಂಚುವುದಾದರೆ ಪುಟದ ಕೆಳಗೆ ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬೈ’ ಪರವಾನಗಿ ನಮೂದಿಸಿ. ಇದು “ನನ್ನ ಬರಹವನ್ನು ಕೇಳದೆ ಬಳಸಿ, ತಿದ್ದಿ, ಹಂಚಿ, ಹೆಸರು ಹೇಳಿ” ಎಂದು ಮೊದಲೇ ಕೊಡುವ ಅನುಮತಿ. ಬದಲಿಸಿದವರೂ ಅದೇ ಷರತ್ತಿನಲ್ಲಿ ಹಂಚಬೇಕೆಂದಿದ್ದರೆ ‘ಸಿಸಿ ಬೈ-ಎಸ್ಎ’ ಎಂದು ಬರೆಯಿರಿ. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣವನ್ನು ನೋಡಿದರೆ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು ಕೂಡಿ ಎಷ್ಟು ಕಟ್ಟಬಲ್ಲರೆಂದು ತಿಳಿಯುತ್ತದೆ. ಖಾಸಗಿ ಪ್ರಕಾಶಕರ ಗೈಡಿನ ಪುಟಗಳನ್ನು ಸ್ಕ್ಯಾನ್ ಮಾಡಿ ಸೇರಿಸಬೇಡಿ. ಅದು ನಿಮ್ಮದಲ್ಲ, ಅದಕ್ಕೆ ಪರವಾನಗಿ ಕೊಡುವ ಹಕ್ಕೂ ನಿಮಗಿಲ್ಲ.

ಪ್ರಮಾಣಪತ್ರ ಸಿಗುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆನ್ನುತ್ತದೆ. ಶಿಕ್ಷಕರ ತರಬೇತಿಗೆಂದು ಸರ್ಕಾರ ನಡೆಸುವ ನಿಷ್ಠಾದಂಥ ಕೋರ್ಸುಗಳು ದೀಕ್ಷಾದಲ್ಲಿ ಪ್ರಮಾಣಪತ್ರ ಕೊಡುತ್ತವೆ, ಅವನ್ನು ಮಾಡಿ. ಬಳಗವನ್ನು ಪ್ರಮಾಣಪತ್ರಕ್ಕಾಗಿ ಕಟ್ಟಬೇಡಿ. ಪತ್ರ ಕೈಗೆ ಬಂದ ಮರುದಿನದಿಂದ ಅಂಥ ಬಳಗದಲ್ಲಿ ಯಾರೂ ಮಾತನಾಡುವುದಿಲ್ಲ.

ಹಂತ 9: ಈ ವಾರವೇ ಕಳುಹಿಸುವ ಮೊದಲ ಸಂದೇಶ

ಹೇಗೆ ಬರೆಯುವುದೆಂದು ತೋಚದವರಿಗಾಗಿ ಒಂದು ಮಾದರಿ. ನಿಮ್ಮ ಪ್ರಶ್ನೆ ಹಾಕಿ ಐವರಿಗೆ ಪ್ರತ್ಯೇಕವಾಗಿ ಕಳುಹಿಸಿ. ಯಾವ ಗುಂಪಿಗೂ ಹಾಕಬೇಡಿ.

“ನಮಸ್ಕಾರ ಮೇಡಂ. ನನ್ನ ಮೂರನೇ ತರಗತಿಯಲ್ಲಿ ಏಳು ಮಕ್ಕಳು 52ರಲ್ಲಿ 38 ಕಳೆದು 26 ಎಂದು ಬರೆಯುತ್ತಿದ್ದಾರೆ. ಬಾಯಿಲೆಕ್ಕದಲ್ಲಿ ಕೇಳಿದರೆ ನಾಲ್ವರು ಸರಿಯಾಗಿ ಹೇಳಿದರು. ನಾನು ಎರಡು ಸಲ ಮತ್ತೆ ಹೇಳಿಕೊಟ್ಟೆ, ಪ್ರಯೋಜನವಾಗಲಿಲ್ಲ. ನಿಮ್ಮ ತರಗತಿಯಲ್ಲಿ ಈ ಒಂದೇ ಲೆಕ್ಕ ಕೊಟ್ಟು ಎಷ್ಟು ಮಂದಿ ಏನು ಬರೆದರೆಂದು ಶುಕ್ರವಾರದೊಳಗೆ ತಿಳಿಸುತ್ತೀರಾ? ಪರಿಹಾರ ಈಗಲೇ ಬೇಡ, ಮಕ್ಕಳು ಬರೆದದ್ದು ಸಾಕು.”